ಶಟರ್ ಅರ್ಧ ಎತ್ತಿದರೂ ಅಂಗಡಿ ತೆರೆದ ಹಾಗೆಯೇ

ಪ್ರಶ್ನೆ: ನನಗ 43 ವರ್ಷರಿ. ಶಹಾಪುರ ತಾಲೂಕಿನ ಒಂದು ಹಳ್ಳ್ಯಾಗ ಕಿರಾಣಿ ಅಂಗಡಿ ಇಟ್ಟೀನಿ. ಆರು ವರ್ಷದ ಹಿಂದ ಅಪ್ಪ ತೀರಿಕೊಂಡ ಮ್ಯಾಲ ಹೊಟ್ಟಿ ಉರಿ, ಬೆನ್ನು ನೋವು, ನಿದ್ದಿ ಹಾರಿ ಹೋಗೋದು ಶುರು ಆಯ್ತು. ಕಲಬುರಗಿ, ಸೊಲ್ಲಾಪುರ ಎಲ್ಲಾ ಕಡಿ ತೋರಿಸಿದೆ. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲಾ ಆಯ್ತು, ‘ಏನೂ ಇಲ್ಲ’ ಅಂದ್ರು. ಕಡೀಕ ಒಬ್ಬ ಡಾಕ್ಟರು ಇದು ಡಿಪ್ರೆಶನ್ ಅಂತ ಹೇಳಿ ಎಸ್ಸಿಟಾಲೊಪ್ರಾಮ್ 10 ಕೊಟ್ರು. ಎರಡು ತಿಂಗಳಿಗಿ ಆರಾಮ ಆದೆ, ಗುಳಿಗಿ ಬಿಟ್ಟೆ. ಮತ್ತ ಬಂತು. ಹಿಂಗ ಮೂರು ಸಲ ಆಗ್ಯಾದ. ಈಗ ಒಂದೂವರಿ ವರ್ಷದಿಂದ ಬಿಡದಂಗ ತಗೋಳಕತ್ತೀನಿ, ಆದ್ರ ಪೂರಾ ಆರಾಮೂ ಇಲ್ಲ, ಪೂರಾ ಬಿದ್ದೂ ಇಲ್ಲ. ಮುಂಜಾನಿ ಮೂರಕ್ಕ ಎಚ್ಚರ ಆಗ್ತದ. ಆರಕ್ಕ ಶಟರ್ ಎತ್ತಬೇಕಂದ್ರ ಕೈಯಾಗ ಬಲ ಇರಲ್ಲ, ಅದರ ಮುಂದಿನ ಕಟ್ಟಿ ಮ್ಯಾಲ ಕುಂತುಬಿಡ್ತೀನಿ. ಸಂಜಿಕ ಸುಧಾರಿಸ್ತೀನಿ, ಗಿರಾಕಿ ಜೋಡಿ ನಕ್ಕೊಂತ ಮಾತಾಡ್ತೀನಿ. ಅದಕ್ಕ ನಮ್ಮಣ್ಣ ‘ಮುಂಜಾನಿ ನಾಟಕ ಮಾಡ್ತಿ’ ಅಂತಾನ. ಉದ್ರಿ ಕೇಳಕ್ಕ ಬಾಯಿ ಬರಲ್ಲ. ಒಮ್ಮೊಮ್ಮೆ ಮುಂಜಾನಿ ಕಣ್ಣು ತೆರೀದಿದ್ರ ಚಲೋ ಇತ್ತು ಅನಸ್ತದ. ನಿದ್ದಿಗಿ ಮೆಡಿಕಲ್ ಶಾಪಿನ್ಯಾಗ ಅಲ್ಪ್ರಜೋಲಾಮ್ ತಂದು ಎಂಟು ತಿಂಗಳಿಂದ ತಗೋತೀನಿ, ಬೆನ್ನಿಗಿ ನೋವಿನ ಗುಳಿಗಿ, ಹೊಟ್ಟಿಗಿ ಗ್ಯಾಸಿನ ಗುಳಿಗಿ ಬ್ಯಾರೆ. ಅವ್ವ ಗಾಣಗಾಪುರಕ್ಕ ಹೋಗಿ ಬಾ ಅಂತಾಳ. ಅಂಗಡಿ ಮಾರಿ ಪುಣೆಕ್ಕ ಹೋಗಬೇಕಂತ ಮಾಡೀನಿ. ಈ ಗುಳಿಗಿ ಚಟ ಆಗ್ತದೇನ್ರಿ? ಜೀವನಪೂರ್ತಿ ಹಿಂಗೇ ಏನು? ನನ್ನ ಮಗಳಿಗೂ ಬರ್ತದೇನು? ದಿನಾ ಹ್ಯಾಂಗ ದೂಡಬೇಕು? ಇನ್ನೊಂದು, ಗಂಡ-ಹೆಂಡತಿ ವಿಷಯದಾಗ ಇಚ್ಛಾನೇ ಇಲ್ಲದಂಗ ಆಗ್ಯಾದ.

ಉತ್ತರ: ಪತ್ರದ ನಡುವೆ, ಉದ್ರಿಗೂ ನಿದ್ದೆ ಗುಳಿಗೆಗೂ ಮಧ್ಯೆ, ‘ಕಣ್ಣು ತೆರೀದಿದ್ರ ಚಲೋ ಇತ್ತು’ ಎಂದು ಬರೆದು ಹಾಗೇ ಮುಂದೆ ಹೋಗಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ದೀರ್ಘ ಕಾಲದ ಖಿನ್ನತೆ ಇರುವವರಲ್ಲಿ ಈ ಯೋಚನೆ ಅಪರೂಪವೇನಲ್ಲ. ಬಾಯಿಬಿಟ್ಟು ಹೇಳುವವರು ಕಡಿಮೆ, ನೇರವಾಗಿ ಕೇಳಿದರೆ ತಲೆ ಅಲ್ಲಾಡಿಸುವವರು ಬಹಳ. ಸಾವು ತಾನಾಗಿ ಬರಲಿ ಎನ್ನುವುದಕ್ಕೂ ತಾನೇ ಏನಾದರೂ ಮಾಡಿಕೊಳ್ಳಬೇಕು ಎನ್ನುವುದಕ್ಕೂ ಅಂತರ ಇದೆ. ಆದರೆ ಆ ಅಂತರ ಒಂದು ಕೆಟ್ಟ ರಾತ್ರಿಯಲ್ಲಿ ಅಳಿಸಿಹೋಗಬಹುದು. ಆದ್ದರಿಂದ ಎರಡು ಕೆಲಸ ಈ ವಾರವೇ ಆಗಲಿ. ಮನೆಯಲ್ಲಾಗಲಿ, ಅಂಗಡಿಯಲ್ಲಾಗಲಿ ಬೆಳೆಗೆ ಹೊಡೆಯುವ ಎಣ್ಣೆ ಇದ್ದರೆ ಅದು ಬೀಗದೊಳಗೆ ಹೋಗಲಿ, ಕೀಲಿ ನಿಮ್ಮ ಅಣ್ಣನ ಹತ್ತಿರ ಇರಲಿ. ಇದು ನಿಮ್ಮ ಮೇಲಿನ ಅಪನಂಬಿಕೆಯಿಂದ ಹೇಳುವ ಮಾತಲ್ಲ. ಅಂಥ ಗಳಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕೈಗೆಟುಕುವಲ್ಲಿ ಏನೂ ಇಲ್ಲದಿದ್ದರೆ ದಾಟಿಹೋಗುತ್ತದೆ. ಎರಡನೆಯದು, 14416 ಎನ್ನುವ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿ, 2022ರಲ್ಲಿ ಶುರುವಾಯಿತು. ಕಾಸಿಲ್ಲ, ರಾತ್ರಿ ಮೂರಕ್ಕೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಎಚ್ಚರವಾಗುವುದೂ ಅದೇ ಹೊತ್ತಿಗೆ. ‘ಹ್ಯಾಂಗ, ಯಾವಾಗ’ ಎನ್ನುವ ಯೋಚನೆ ತಲೆಗೆ ಬಂದ ದಿನ ಮಾತ್ರ ಕಾಯಬೇಡಿ. ಹೆಂಡತಿಯನ್ನು ಎಬ್ಬಿಸಿ ಹೇಳಿ, ಆ ರಾತ್ರಿಯೇ ತಾಲೂಕು ಆಸ್ಪತ್ರೆಗೋ ಯಾದಗಿರಿಗೋ ಹೋಗಿ. 108 ಇದ್ದೇ ಇದೆ.

ಈಗ ಉಳಿದ ಮಾತು. ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ, ಆದರೆ ಪತ್ರವನ್ನು ಎರಡು ಸಲ ಓದಿದ ಮೇಲೆ ಕೇಳದೆ ಬಿಟ್ಟ ಒಂದು ಪ್ರಶ್ನೆ ನನಗೆ ಕಂಡಿತು: ಅಣ್ಣ ಹೇಳೋದು ಖರೆ ಇರಬಹುದೇನು, ನಾನು ನಾಟಕ ಮಾಡಕತ್ತೀನೇನು? ಇಲ್ಲ. ಮುಂಜಾನೆ ನೆಲ ಹಿಡಿದು, ಹೊತ್ತು ಇಳಿದ ಹಾಗೆ ಹಗುರಾಗುವುದು ಈ ಕಾಯಿಲೆಯದೇ ನಡೆ. ನಸುಕಿನಲ್ಲಿ, ಏಳಬೇಕಾದ ಹೊತ್ತಿಗಿಂತ ಎರಡು-ಮೂರು ತಾಸು ಮೊದಲೇ ಎಚ್ಚರವಾಗುವುದೂ ಅದರ ಜೊತೆಗಿನದೇ. ವೈದ್ಯ ವಿದ್ಯಾರ್ಥಿಗಳಿಗೆ ಇದನ್ನು ಪಾಠವಾಗಿ ಕಲಿಸುತ್ತೇವೆ. ನೀವು ಯಾರನ್ನೂ ಕೇಳದೆ, ಓದದೆ, ಪಾಠದಲ್ಲಿ ಇದ್ದ ಹಾಗೇ ಬರೆದಿದ್ದೀರಿ. ನಾಟಕ ಆಡುವವನಿಗೆ ಇಷ್ಟು ಸರಿಯಾದ ಸಂಭಾಷಣೆ ಸಿಗುವುದಿಲ್ಲ. ಸಂಜೆ ನಗುವುದೂ ಸುಳ್ಳಲ್ಲ, ಮುಂಜಾನೆ ಕಟ್ಟೆ ಮೇಲೆ ಕೂರುವುದೂ ಸುಳ್ಳಲ್ಲ. ನಿಮ್ಮಣ್ಣನಿಗೆ ಈ ಒಂದು ಪ್ಯಾರಾ ಓದಿಸಿ.

‘ಏನೂ ಇಲ್ಲ’ ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ, ನಮ್ಮ ಡಾಕ್ಟರ್ ಬಳಗದ ಮೇಲೆಯೇ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣಲಿಲ್ಲ ಎಂದರೆ ಹುಣ್ಣಿಲ್ಲ ಅಂತ, ಅಷ್ಟೇ. ಉರಿ ಇಲ್ಲ ಅಂತಲ್ಲ. ಕಲಬುರಗಿಯಲ್ಲಿ ಇಷ್ಟು ವರ್ಷ ರೋಗಿಗಳನ್ನು ನೋಡಿದ್ದೇನೆ, ‘ಡಾಕ್ಟ್ರೇ, ನನಗೆ ಖಿನ್ನತೆ’ ಎಂದುಕೊಂಡು ಬಂದವರನ್ನು ಬೆರಳಲ್ಲಿ ಎಣಿಸಬಹುದು. ಆ ಶಬ್ದ ಪತ್ರಿಕೆಯದು. ನಮ್ಮ ಜನ ಬರುವುದು ಮೈಕೈ ನೋವು, ಎದೆ ಢವಢವ, ಹೊಟ್ಟೆ ಉರಿ, ‘ಜೀವಕ್ಕ ಹೈರಾಣ’, ‘ಯಾವದಕ್ಕೂ ಮನಸ್ಸು ಬರಲ್ಲ’ ಎಂದುಕೊಂಡು. ಖಿನ್ನತೆ ಮನಸ್ಸಿನಲ್ಲಷ್ಟೇ ಕೂತಿರುವುದಿಲ್ಲ. ನಿದ್ದೆ, ಹಸಿವು, ನೋವು, ಕಾಮ, ಇವೆಲ್ಲವನ್ನೂ ನಡೆಸುವ ಮಿದುಳಿನಲ್ಲಿ ಏರುಪೇರು ಮಾಡುತ್ತದೆ. ಹಾಗಾಗಿ ನಿಮ್ಮ ಬೆನ್ನು ನಿಜವಾಗಿಯೇ ನೋಯುತ್ತದೆ.

ನಿಮ್ಮದು ಎರಡು ಪದರದ ಕಾಯಿಲೆ ಎಂದು ನನಗನಿಸುತ್ತದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ, ಇರುವ ದಿನಕ್ಕಿಂತ ಇಲ್ಲದ ದಿನ ಕಡಿಮೆ ಎನ್ನುವ ಹಾಗೆ, ಸಣ್ಣಗೆ ಉರಿಯುತ್ತ ಇರುವ ಖಿನ್ನತೆಗೆ ವೈದ್ಯಕೀಯದಲ್ಲಿ ಬೇರೆ ಹೆಸರೇ ಇದೆ, ಡಿಸ್ತೈಮಿಯಾ. ಅದರ ಮೇಲೆ ಆಗಾಗ ಜೋರಾದ ಖಿನ್ನತೆ ಬಂದು ಕೂತರೆ ಡಬಲ್ ಡಿಪ್ರೆಶನ್ ಎನ್ನುತ್ತೇವೆ. ಗುಳಿಗೆ ಕೊಟ್ಟಾಗ ಮೇಲಿನ ಪದರ ಹೋಗುತ್ತದೆ, ಕೆಳಗಿನದು ಉಳಿಯುತ್ತದೆ. ‘ಪೂರಾ ಆರಾಮೂ ಇಲ್ಲ, ಪೂರಾ ಬಿದ್ದೂ ಇಲ್ಲ’ ಎಂದು ನೀವು ಬರೆದದ್ದು ಅದನ್ನೇ. ಇಂಥವರು ಕೆಲಸ ಮಾಡುತ್ತಾರೆ, ಮದುವೆ-ಮುಂಜಿಗೆ ಹೋಗುತ್ತಾರೆ, ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಯಾರೂ ನಂಬುವುದಿಲ್ಲ. ಕೊನೆಗೆ ‘ನನ್ನ ಸ್ವಭಾವವೇ ಹೀಗೆ’ ಎಂದು ಅವರೇ ಒಪ್ಪಿಕೊಂಡುಬಿಡುತ್ತಾರೆ.

ಕಾರಣ ಒಂದೇ ಇರುವುದಿಲ್ಲ. ಅಪ್ಪನ ಸಾವು ಬಾಗಿಲು ತೆರೆಯಿತು, ನಿಜ. ಆದರೆ ಅಪ್ಪ ತೀರಿಕೊಂಡ ಎಲ್ಲರಿಗೂ ಹೀಗಾಗುವುದಿಲ್ಲ. ರಕ್ತದ ಪಾಲೂ ಇದೆ: ಅಪ್ಪ-ಅವ್ವ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದರೆ ಬರುವ ಸಾಧ್ಯತೆ ಉಳಿದವರಿಗಿಂತ ಎರಡು-ಮೂರು ಪಟ್ಟು. ನಿಮ್ಮ ಅಪ್ಪ ಕೊನೆಯ ವರ್ಷಗಳಲ್ಲಿ ಮಾತು ಕಡಿಮೆ ಮಾಡಿ ಮೂಲೆ ಹಿಡಿದಿದ್ದರೇ ಎಂದು ಅವ್ವನನ್ನು ಒಮ್ಮೆ ಕೇಳಿ ನೋಡಿ. ಮಗಳ ವಿಷಯವೂ ಇದರಲ್ಲೇ ಬಂತು. ಎರಡು-ಮೂರು ಪಟ್ಟು ಎಂದರೆ ಬಂದೇ ಬರುತ್ತದೆ ಎಂದಲ್ಲ, ಬಾರದಿರುವ ಸಾಧ್ಯತೆಯೇ ಹೆಚ್ಚು. ಅವಳಿಗೆ ನೀವು ಮಾಡಬಹುದಾದ ಉಪಕಾರವೆಂದರೆ ಕದ್ದು ಮುಚ್ಚಿ ಗುಳಿಗೆ ನುಂಗುವುದನ್ನು ಬಿಡುವುದು. ಅಪ್ಪ ಒಂದು ಕಾಯಿಲೆಗೆ ಔಷಧಿ ತಗೋತಾನೆ, ಆರಾಮ ಇರುತ್ತಾನೆ ಎಂದು ನೋಡಿ ಬೆಳೆದ ಹುಡುಗಿ, ಮುಂದೆ ತನಗೇನಾದರೂ ಆದರೆ ಆರು ವರ್ಷ ಹೊಟ್ಟೆ ಡಾಕ್ಟರ ಬಾಗಿಲು ಕಾಯುವುದಿಲ್ಲ. ‘ದವಾಖಾನೆ ದಾಖಲೆಯಿಂದ ಮಗಳ ಲಗ್ನಕ್ಕ ತೊಂದರೆ’ ಎಂದು ಹೆದರುವವರಿಗೂ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯಬೇಕು ಎನ್ನುವುದನ್ನು ರೋಗಿಯ ಹಕ್ಕೆಂದು ಬರೆದಿದೆ. ಹೀಗಿದ್ದೂ ನಮ್ಮ ಓಪಿಡಿ ಮುಂದೆ ಜನ ಕಿವಿ-ಮೂಗು-ಗಂಟಲು ಬೋರ್ಡಿನ ಕೆಳಗೆ ಹೋಗಿ ಕೂರುತ್ತಾರೆ, ಹೆಸರು ಕರೆದಾಗ ಟವೆಲ್ಲು ಮುಖಕ್ಕೆ ಹಿಡಿದು ಈ ಕಡೆ ದಾಟುತ್ತಾರೆ. ಗದರಲು ನನಗೆ ಮನಸ್ಸು ಬರುವುದಿಲ್ಲ. ಬಂದರಲ್ಲ, ಅಷ್ಟು ಸಾಕು.

‘ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಗುಳಿಗೆ ತುಂಬಿಸುತ್ತದೆ’ ಎನ್ನುವ ಮಾತು ನೀವು ಕೇಳಿರಬಹುದು. ನಾನೂ ಮೊದಲು ಹಾಗೇ ಹೇಳುತ್ತಿದ್ದೆ, ತಿಳಿಸಲು ಸುಲಭ ಎಂದು. ಡಬ್ಬಿಯಲ್ಲಿ ಸಕ್ಕರೆ ಮುಗಿದ ಹಾಗೆ ಅಷ್ಟು ಸರಳವಿಲ್ಲ. ಗುಳಿಗೆ ಕೆಲಸ ಮಾಡುವುದು ನಿಜ, ಹೇಗೆ ಎನ್ನುವುದು ಆ ಮಾತಿಗಿಂತ ಸಿಕ್ಕುಸಿಕ್ಕಾಗಿದೆ. ಅದು ಹತ್ತಲು ಎರಡರಿಂದ ಆರು ವಾರ ಬೇಕಾಗುವುದೂ ಅದಕ್ಕೇ.

ಚಟ ಆಗುತ್ತದೆಯೇ? ನಲವತ್ತು ದಾಟಿದಿರಿ, ಲೆಕ್ಕ ಬರೆಯಲು ಚಾಳೀಸು ಹಾಕುತ್ತಿರಬಹುದು. ತೆಗೆದರೆ ಅಕ್ಷರ ಮಸುಕಾಗುತ್ತದೆ, ಹಾಗಂತ ಅದನ್ನು ಚಟ ಎನ್ನುತ್ತೀರೇನು? ಚಟದ ಗುರುತು ಬೇರೆ. ನಿನ್ನೆಯ ಅಳತೆ ಇಂದು ಸಾಲದು, ಸಿಗದಿದ್ದರೆ ಅದಕ್ಕಾಗಿ ಹುಡುಕಾಟ, ಜಗಳ. ಎಸ್ಸಿಟಾಲೊಪ್ರಾಮ್ ಹಾಗೆ ಮಾಡುವುದಿಲ್ಲ. ಆದರೆ ಇದ್ದಕ್ಕಿದ್ದ ಹಾಗೆ ಬಿಟ್ಟರೆ ಎರಡು-ಮೂರು ದಿನದಲ್ಲಿ ತಲೆಸುತ್ತು, ಸಿಡುಕು, ಕೆಟ್ಟ ಕನಸು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಝುಂ ಎನ್ನುವುದು, ಇವೆಲ್ಲ ಆಗಬಹುದು. ಸಾಮಾನ್ಯವಾಗಿ ಕೆಲವು ವಾರದಲ್ಲಿ ಇಳಿಯುತ್ತವೆ. ಕಾಯಿಲೆ ಮರಳುವುದು ಹಾಗಲ್ಲ, ಮೆಲ್ಲಗೆ, ತಿಂಗಳು ಎರಡು ತಿಂಗಳಲ್ಲಿ ಬರುತ್ತದೆ. ನಿಮಗೆ ಮೂರು ಸಲವೂ ಆದದ್ದು ಈ ಎರಡನೆಯದೇ ಇರಬೇಕು.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ವೃತ್ತಿ ಶುರು ಮಾಡಿದ ಹೊಸದರಲ್ಲಿ ಎಲ್ಲರಿಗೂ ‘ಆರು ತಿಂಗಳು ಸಾಕು’ ಎನ್ನುತ್ತಿದ್ದೆ, ಕೇಳಿದವರ ಮುಖ ಅರಳುತ್ತಿತ್ತು. ಅವರಲ್ಲಿ ಕೆಲವರು ವರ್ಷದೊಳಗೆ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಮರಳಿ ಬಂದರು. ಮೊದಲ ಸಲ ಬಂದವರಿಗೆ ಪೂರ್ತಿ ಆರಾಮವಾದ ಮೇಲೆ ಆರೇಳು ತಿಂಗಳು ಮುಂದುವರಿಸಿ ನಿಧಾನವಾಗಿ ಇಳಿಸಬಹುದು. ಮೂರು ಸಲ ಮರಳಿದವರಿಗೆ ಆ ಲೆಕ್ಕ ನಡೆಯುವುದಿಲ್ಲ. ಪೂರ್ತಿ ಆರಾಮವಾದ ದಿನದಿಂದ ಕನಿಷ್ಠ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಜೀವನಪೂರ್ತಿಯೇ ಎಂದು ಇಂದೇ ಹೇಳುವುದಿಲ್ಲ, ಆದರೆ ಮುಂದಿನ ಎಳ್ಳಮಾಸಿಗೆ ಬಿಟ್ಟುಬಿಡುತ್ತೇನೆ ಎಂದು ಹರಕೆ ಹೊರಬೇಡಿ.

ಹಾಗಾದರೆ ಒಂದೂವರೆ ವರ್ಷ ಬಿಡದೆ ತಗೊಂಡರೂ ಯಾಕೆ ಅರ್ಧಕ್ಕೇ ನಿಂತಿದ್ದೀರಿ? ನಿಮ್ಮ ಡಾಕ್ಟರ ಜೊತೆ ಕೂತು ನೋಡಬೇಕಾದದ್ದು ಇದನ್ನು. ಮೊದಲು ರಕ್ತ ಪರೀಕ್ಷೆ: ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ12. ಗ್ಯಾಸಿನ ಗುಳಿಗೆಯನ್ನು ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುವುದುಂಟು, ಮಾಂಸ-ಮೊಟ್ಟೆ ಮುಟ್ಟದ ಮನೆಯಾದರೆ ಇನ್ನೂ ಬೇಗ. ಅದು ಇಳಿದರೆ ಸುಸ್ತು, ಮರೆವು, ಮನಸ್ಸು ಕುಗ್ಗುವುದು. ಥೈರಾಯ್ಡ್ ನಿಧಾನವಾದರೂ ಅದೇ ಚಿತ್ರ. ಇವು ಸರಿ ಇದ್ದರೆ ಗುಳಿಗೆಯ ಅಳತೆ. 10 ಮಿಲಿಗ್ರಾಂ ಶುರು ಮಾಡುವ ಅಳತೆ, ನಿಮ್ಮ ವಯಸ್ಸಿನವರಿಗೆ 20ರವರೆಗೆ ಏರಿಸಲು ಜಾಗ ಇದೆ. ಏರಿಸಿದರೆ ವಾಕರಿಕೆ, ಬೆವರು, ಮೊದಲ ವಾರ ಚಡಪಡಿಕೆ ಆಗಬಹುದು. ಅದಕ್ಕೂ ಜಗ್ಗದಿದ್ದರೆ ಔಷಧಿ ಬದಲಿಸುವುದು, ಇಲ್ಲವೇ ಇನ್ನೊಂದನ್ನು ಸೇರಿಸುವುದು. ಬದಲಿಸುವಾಗ ಕೆಲವು ವಾರ ಅತ್ತ ಇತ್ತ ಆಗುತ್ತದೆ, ಸೇರಿಸಿದರೆ ತೂಕ, ನಿದ್ದೆಯ ಮಂಪರು ಹೆಚ್ಚಬಹುದು. ಮೊದಲ ಔಷಧಿಯಿಂದಲೇ ಪೂರ್ತಿ ಆರಾಮವಾಗುವವರು ಸುಮಾರು ಮೂವರಲ್ಲಿ ಒಬ್ಬರು, ಆದ್ದರಿಂದ ಎರಡನೆಯದು ಬೇಕಾಯಿತೆಂದರೆ ಕೇಸು ಕೈಮೀರಿತು ಎಂದು ತಿಳಿಯಬೇಡಿ. ಕರೆಂಟ್ ಚಿಕಿತ್ಸೆ ಎಂದರೆ ಜನ ಬೆಚ್ಚುತ್ತಾರೆ. ಈಗ ಅದು ಅರಿವಳಿಕೆ ಕೊಟ್ಟು ಮಾಡುವಂಥದ್ದು, ಹಾಗಲ್ಲದೆ ಮಾಡುವುದನ್ನು ಕಾಯ್ದೆಯೇ ನಿಷೇಧಿಸಿದೆ. ಊಟ-ನೀರು ಬಿಟ್ಟವರಿಗೆ, ಜೀವಕ್ಕೆ ಅಪಾಯ ಇರುವವರಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಪತ್ರದಲ್ಲಿ ಅದರ ಅಗತ್ಯ ನನಗೆ ಕಾಣಲಿಲ್ಲ.

ಕೊನೆಯ ಸಾಲಿಗೆ ಬರುತ್ತೇನೆ. ಗಂಡಸರು ಗುಳಿಗೆ ಬಿಡುವುದಕ್ಕೆ ಇದೂ ಒಂದು ದೊಡ್ಡ ಕಾರಣ, ಯಾರೂ ಹೇಳುವುದಿಲ್ಲ. ಇಚ್ಛೆ ಸಾಯುವುದು ಕಾಯಿಲೆಯಿಂದಲೂ ಆಗುತ್ತದೆ, ಗುಳಿಗೆಯಿಂದಲೂ ಆಗುತ್ತದೆ. ಗುಳಿಗೆ ಶುರು ಮಾಡುವ ಮೊದಲೇ ಹೀಗಿತ್ತೋ, ಆಮೇಲೋ ಎಂದು ನೆನಪು ಮಾಡಿಕೊಳ್ಳಿ. ಆಮೇಲಿನದಾದರೆ ದಾರಿ ಇದೆ. ಮಿರ್ಟಾಜಪಿನ್, ಬ್ಯುಪ್ರೊಪಿಯಾನ್‌ನಂಥವುಗಳಲ್ಲಿ ಈ ತೊಂದರೆ ಕಡಿಮೆ. ಮಿರ್ಟಾಜಪಿನ್ ನಿದ್ದೆಯನ್ನೂ ತರುತ್ತದೆ, ಜೊತೆಗೆ ತೂಕವನ್ನೂ. ನಿಮ್ಮ ಡಾಕ್ಟರ ಮುಂದೆ ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ನನಗೆ ಬರೆದ ಹಾಗೆ. ಹೆಂಡತಿಗೂ ಇದು ಔಷಧಿಯ ಸಂಗತಿ ಎಂದು ತಿಳಿಸಿ. ಅವರು ತಮ್ಮಲ್ಲೇ ಏನೋ ಕೊರತೆ ಎಂದುಕೊಂಡು ಒಳಗೇ ನೋಯುತ್ತಿರಬಹುದು.

ನನಗೆ ನಿಜವಾಗಿ ಚಿಂತೆ ಇರುವುದು ಚಿಕ್ಕ ಗುಳಿಗೆಯ ಬಗ್ಗೆ. ಚಟ ಎಂದು ನೀವು ಹೆದರಿದ್ದು ಎಸ್ಸಿಟಾಲೊಪ್ರಾಮಿಗೆ, ಚಟ ಆಗುವುದು ಅಲ್ಪ್ರಜೋಲಾಮ್. ಚೀಟಿ ಇಲ್ಲದೆ ಕೊಡಲೇಬಾರದ ಔಷಧಿ ಅದು. ಎಂಟು ತಿಂಗಳಾದ ಮೇಲೆ ಇದನ್ನು ಓದಿ ಇವತ್ತೇ ಎಸೆದುಬಿಡುತ್ತೇನೆ ಎಂದು ಹೊರಡಬೇಡಿ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಬೇಕು, ಡಾಕ್ಟರ ಕಣ್ಣೆದುರು. ಅದರ ಜೊತೆ ಕುಡಿತ ಬೇಡವೇ ಬೇಡ. ಬೆನ್ನಿನ ಗುಳಿಗೆ ಡೈಕ್ಲೋಫೆನಾಕ್ ಜಾತಿಯದಾದರೆ, ಎಸ್ಸಿಟಾಲೊಪ್ರಾಮ್ ಜೊತೆ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ತೋರಿಸಿ. ಟ್ರಮಡಾಲ್ ಆಗಿದ್ದರಂತೂ ಎರಡೂ ಕೂಡಿ ಬೇರೆಯೇ ತೊಂದರೆ. ನುಂಗುವ ಎಲ್ಲ ಗುಳಿಗೆಯ ಪಟ್ಟಿಯನ್ನು ಒಬ್ಬ ಡಾಕ್ಟರ ಮುಂದೆ ಒಟ್ಟಿಗೆ ಇಡಿ. ನಿಮ್ಮ ಪತ್ರ ನೋಡಿದರೆ ಈ ಕೆಲಸ ಆರು ವರ್ಷದಲ್ಲಿ ಒಮ್ಮೆಯೂ ಆದಂತಿಲ್ಲ.

ಇನ್ನು ದಿನ ದೂಡುವುದು.

‘ಮನಸ್ಸು ಬಂದ ಮ್ಯಾಲ ಮಾಡ್ತೀನಿ’ ಎಂದು ಕಾಯುವುದು ಆರೋಗ್ಯವಂತರಿಗೆ ನಡೆಯುತ್ತದೆ. ನಿಮಗೆ ನಡೆಯುವುದಿಲ್ಲ, ಯಾಕೆಂದರೆ ಕಾಯಿಲೆ ಹಿಡಿದಿರುವುದೇ ಆ ಮನಸ್ಸು ಬರುವ ಯಂತ್ರವನ್ನು. ಕೆಲಸ ಬಿಟ್ಟರೆ, ಮಾಡಿದಾಗ ಸಿಗುವ ಸಣ್ಣ ಸಮಾಧಾನವೂ ಸಿಗುವುದಿಲ್ಲ, ಸಿಗದಿದ್ದರೆ ಇನ್ನಷ್ಟು ಬಿಡುತ್ತೀರಿ. ಈ ಗಾಣವನ್ನು ಹಿಂದುಮುಂದು ತಿರುಗಿಸುವುದೇ ಚಿಕಿತ್ಸೆಯ ಒಂದು ಭಾಗ: ಮೊದಲು ಕೆಲಸ, ಅದೂ ನಗು ಬರುವಷ್ಟು ಸಣ್ಣದು. ಮನಸ್ಸು ಹಿಂದಿನಿಂದ ಬರಲಿ. ಬೀದರ ಕಡೆಯ ಒಬ್ಬ ಹೆಣ್ಣುಮಗಳು ಆರು ತಿಂಗಳಿಂದ ಒಲೆ ಮುಂದೆ ಹೋಗುತ್ತಿರಲಿಲ್ಲ. ಹದಿನೈದು ರೊಟ್ಟಿ ಬಡಿಯುವ ಮನೆ, ಆ ಹದಿನೈದನ್ನು ನೆನೆದೇ ಕೈ ಸೋಲುತ್ತಿತ್ತು. ನಾವು ಮಾತಾಡಿಕೊಂಡದ್ದು ಒಂದೇ ರೊಟ್ಟಿ. ಅತ್ತೆ ನಕ್ಕರು. ಮೊದಲ ವಾರ ಒಂದೇ ಬಡಿದರು, ಹಿಟ್ಟಿನ ಕೈ ತೊಳೆದು ಹೋಗಿ ಮಲಗಿದರು. ಮೂರನೆಯ ವಾರ ಅವರು ಐದು ಬಡಿದಿದ್ದನ್ನು ನನಗೆ ಹೇಳಿದ್ದು ಅದೇ ಅತ್ತೆ.

ನಿಮ್ಮ ಶಟರನ್ನು ಹಾಗೇ ನೋಡೋಣ. ಅದು ಭಾರವಾಗಿರುವುದು ತಗಡಿನಿಂದಲ್ಲ. ಎತ್ತಿದರೆ ಹದಿನಾಲ್ಕು ತಾಸು ಅಂಗಡಿ, ಉದ್ರಿ ಗಿರಾಕಿ, ನಗಬೇಕಾದ ಮುಖ, ಎಲ್ಲ ಒಟ್ಟಿಗೆ ಮೇಲೆ ಬರುತ್ತದೆ. ಆದ್ದರಿಂದ ಕೆಟ್ಟ ಮುಂಜಾನೆ ಅದನ್ನು ಅರ್ಧ ಎತ್ತಿ. ಸೊಂಟದ ಮಟ್ಟಕ್ಕೆ. ಹಾಲಿನ ಪಾಕೀಟಿನ ಕ್ರೇಟು ಮುಂದಕ್ಕೆ ತಳ್ಳಿ, ಸ್ಟೂಲ್ ಹಾಕಿ ಕೂರಿ. ಹಾಲಿಗೆ ಬಂದವರು ಬಗ್ಗಿ ತಗೊಂಡು ಹೋಗುತ್ತಾರೆ, ಚಿಲ್ಲರೆ ಡಬ್ಬಿಗೆ ಹಾಕುತ್ತಾರೆ. ‘ಯಾಕ್ರಿ ಸಾವ್ಕಾರ್ರ, ಅರ್ಧ?’ ಎಂದು ಕೇಳಿದರೆ ‘ಬೆನ್ನು ನೋವು’ ಎನ್ನಿ, ಸುಳ್ಳೇನಲ್ಲ. ಹಾಲು ಮುಗಿದ ಮೇಲೆ ಎತ್ತುವುದೋ ಬಿಡುವುದೋ ನೋಡಿದರಾಯಿತು. ಕೆಟ್ಟ ದಿನದ ಪಟ್ಟಿ ಮೂರೇ: ಸ್ನಾನ, ಅರ್ಧ ಶಟರ್, ಏನಾದರೂ ತಿನ್ನುವುದು. ಅದಾಯಿತೆಂದರೆ ಆ ದಿನ ಪಾಸು.

ಒಳ್ಳೆಯ ದಿನಕ್ಕೂ ಮಿತಿ ಬೇಕು. ಇದನ್ನು ಒಪ್ಪಿಸುವುದು ನನಗೆ ಇನ್ನೂ ಕಷ್ಟ. ಒಂದು ದಿನ ಹಗುರಾದರೆ ಸಾಕು, ತಿಂಗಳಿಡೀ ಬಾಕಿ ಉಳಿದ ಗೋಡೌನು, ಜಿಎಸ್‌ಟಿ, ಬೀಗರ ಮನೆ, ಎಲ್ಲವನ್ನೂ ಮುಗಿಸಲು ಹೋಗುತ್ತಾರೆ. ಮರುದಿನ ನೆಲ. ಆಮೇಲೆ ‘ನೋಡ್ರಿ, ನನ್ನ ಕೈಲಿ ಆಗಲ್ಲ’ ಎಂಬ ತೀರ್ಮಾನ. ಒಳ್ಳೆಯ ದಿನ ಬಾಕಿ ಕೆಲಸದಲ್ಲಿ ಒಂದೇ ಮಾಡಿ, ಸಂಜೆ ಗುಡ್ಡದ ಕಡೆ ನಡೆಯಲು ಹೋಗಿ. ಶಹಾಪುರದ ಗುಡ್ಡ ಮಲಗಿದ ಬುದ್ಧನ ಹಾಗೆ ಕಾಣುತ್ತದೆ ಎಂದು ದೂರದಿಂದ ಜನ ನೋಡಲು ಬರುತ್ತಾರೆ, ಅವನ ಹಾಗೆ ದಿನವಿಡೀ ಮಲಗುವ ಅನುಕೂಲ ಮಾತ್ರ ನಿಮಗಿಲ್ಲ. ವಾರದ ಹೆಚ್ಚಿನ ದಿನ ಅರ್ಧ ತಾಸಿನ ಬಿರುಸು ನಡಿಗೆ ಖಿನ್ನತೆಗೆ ಖರೇನೇ ಕೆಲಸ ಮಾಡುತ್ತದೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಮುಂಜಾನೆ ಎಂಟರ ಮೇಲೆ ಹೊರಡಬೇಡಿ, ಏಳು ದಾಟಿದ ಸಂಜೆಯೇ ಸರಿ.

ಮೂರಕ್ಕೆ ಎಚ್ಚರವಾದಾಗ ಹಾಸಿಗೆಯಲ್ಲಿ ಉದ್ರಿ ಲೆಕ್ಕ ಹಾಕುತ್ತ ಹೊರಳಬೇಡಿ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಎದ್ದು ಮಾಳಿಗೆ ಮೇಲೆ ಹೋಗಿ ಕೂರಿ, ಫೋನು ಕೆಳಗೇ ಇರಲಿ, ಕಣ್ಣು ಎಳೆದಾಗ ಬನ್ನಿ. ರಾತ್ರಿ ನಿದ್ದೆ ಕೆಟ್ಟರೂ ಮುಂಜಾನೆ ಏಳುವ ಹೊತ್ತು ಬದಲಿಸಬೇಡಿ. ಮಧ್ಯಾಹ್ನ ಗೋಣಿಚೀಲದ ಮೇಲೆ ಎರಡು ತಾಸು ಮಲಗುವ ರೂಢಿ ಇದ್ದರೆ ಅದೇ ರಾತ್ರಿಯ ನಿದ್ದೆಯನ್ನು ತಿನ್ನುತ್ತಿದೆ. ನಾಲ್ಕರ ನಂತರ ಕಡಕ್ ಚಹಾ ಬೇಡ.

ಉದ್ರಿ ಪುಸ್ತಕದ ಹಿಂಬದಿಯಿಂದ ಒಂದು ಹಾಳೆ ತೆಗೆಯಿರಿ. ದಿನಕ್ಕೆ ಎರಡು ಅಂಕಿ, ಮುಂಜಾನೆ ಒಂದು, ಸಂಜೆ ಒಂದು, ಹತ್ತಕ್ಕೆ ಎಷ್ಟು ಎಂದು. ಪಕ್ಕದಲ್ಲಿ ಆ ದಿನ ಮಾಡಿದ್ದು ಎರಡು ಶಬ್ದದಲ್ಲಿ. ಮನಸ್ಸು ಕುಗ್ಗಿದವನಿಗೆ ನೆನಪೂ ಕುಗ್ಗಿದ್ದನ್ನೇ ಹೇಳುತ್ತದೆ, ‘ತಿಂಗಳಾಯ್ತು, ಒಂದಿನವೂ ಆರಾಮಿಲ್ಲ’ ಎನ್ನುತ್ತೀರಿ. ಪುಸ್ತಕ ನೋಡಿದರೆ ಸಂಜೆಯ ಆರು, ಏಳು ಅಲ್ಲಲ್ಲಿ ಕೂತಿರುತ್ತವೆ. ನೀವು ಲೆಕ್ಕದ ಮನುಷ್ಯ, ಲೆಕ್ಕ ನಂಬುತ್ತೀರಿ.

ಉದ್ರಿ ಕೇಳಲು ಬಾಯಿ ಬಾರದಿರುವುದರಲ್ಲಿ ಅರ್ಧ ಕಾಯಿಲೆ, ಅರ್ಧ ಊರಿನ ಪರಿಸ್ಥಿತಿ. ಹತ್ತಿ, ತೊಗರಿ ಮಾರುವವರೆಗೆ ಗಿರಾಕಿಯ ಕೈಯಲ್ಲೂ ರೊಕ್ಕ ಇರುವುದಿಲ್ಲ, ಅದಕ್ಕೆ ನನ್ನ ಗುಳಿಗೆಯಲ್ಲಿ ಔಷಧಿ ಇಲ್ಲ. ಆದರೆ ‘ನಾನು ಕೇಳಲು ಯೋಗ್ಯನಲ್ಲ’ ಎಂದು ಒಳಗೆ ಕುಟುಕುವುದು ಕಾಯಿಲೆಯ ಪಾಲು. ಸದ್ಯಕ್ಕೆ ವಸೂಲಿಯನ್ನು ಹೆಂಡತಿಗೋ ಅಣ್ಣನಿಗೋ ಒಪ್ಪಿಸಿ. ನಾಟಕ ಎನ್ನುವ ಅಣ್ಣನಿಗೆ ಕೈತುಂಬ ಕೆಲಸವೂ ಆಗುತ್ತದೆ.

ಅಂಗಡಿ ಮಾರುವ ಮಾತು ಈಗ ಬೇಡ. ಪುಣೆಗೆ ಹೋಗಬಾರದು ಅಂತಲ್ಲ, ಆ ಪುಸ್ತಕದಲ್ಲಿ ಮುಂಜಾನೆಯ ಅಂಕಿ ಎರಡು ತಿಂಗಳು ಆರರ ಮೇಲೆ ನಿಂತ ಮೇಲೂ ಹೋಗಬೇಕೆನಿಸಿದರೆ ಹೋಗಿ. ಈಗ ಹೋದರೆ ಕಾಯಿಲೆಯೂ ಅದೇ ಬಸ್ಸು ಹತ್ತುತ್ತದೆ. ಅಲ್ಲಿ ಹಾಲಿಗೆ ಬಗ್ಗುವ ಪರಿಚಯದ ಮುಖಗಳೂ ಇರುವುದಿಲ್ಲ.

ಗಾಣಗಾಪುರಕ್ಕೆ ಅವ್ವನನ್ನು ಕರೆದುಕೊಂಡು ಅಗತ್ಯ ಹೋಗಿ ಬನ್ನಿ. ಸಂಗಮದಲ್ಲಿ ಮಿಂದು, ಅವ್ವನ ಪಕ್ಕದಲ್ಲಿ ಎರಡು ದಿನ ಕೂತು ಬಂದರೆ ಒಳ್ಳೆಯದೇ ಆಗುತ್ತದೆ. ಬಂದೇ ನವಾಜ್ ದರ್ಗಾಕ್ಕೆ ಹೋಗಿ ಬಂದು ನನ್ನ ಹತ್ತಿರ ಬರುವವರೂ ಇದ್ದಾರೆ, ನಾನು ಯಾರನ್ನೂ ತಡೆದಿಲ್ಲ. ಗುಳಿಗೆ ಡಬ್ಬಿ ಜೇಬಿನಲ್ಲಿರಲಿ, ಅಷ್ಟೇ. ಅಲ್ಲಿ ಯಾರಾದರೂ ‘ಇನ್ನು ಔಷಧಿ ಬ್ಯಾಡ’ ಎಂದರೆ ಕೈಮುಗಿದು ಹೊರಡಿ.

ಮಾತಿನ ಚಿಕಿತ್ಸೆಯೂ ಇದೆ. ದೀರ್ಘ ಖಿನ್ನತೆಯಲ್ಲಿ ಗುಳಿಗೆ ಮತ್ತು ಮಾತು ಎರಡೂ ಸೇರಿದರೆ ಒಂದಕ್ಕಿಂತ ಹೆಚ್ಚು ಫಲ. ನಮ್ಮ ಕಡೆ ಅದನ್ನು ಸರಿಯಾಗಿ ಕಲಿತವರು ಕಡಿಮೆ, ಪ್ರತಿ ವಾರ ಬಸ್ಸು ಹತ್ತಿ ಬರುವುದೂ ಸುಲಭವಲ್ಲ. 14416ರವರು ಮುಂದಿನ ದಾರಿ ತೋರಿಸುತ್ತಾರೆ. ಸೊಲ್ಲಾಪುರದವರೆಗೆ ಓಡುವ ಅಗತ್ಯ ಇಲ್ಲ. ಯಾದಗಿರಿ, ಕಲಬುರಗಿ, ಬೀದರ ಮೂರೂ ಕಡೆ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರುವ ಏರ್ಪಾಡು ಇದೆ, ಸಾಮಾನ್ಯವಾಗಿ ಮಂಗಳವಾರ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಜಿಲ್ಲೆ ಜಿಲ್ಲೆಗೂ ಮಾನಸಿಕ ಚಿಕಿತ್ಸೆ ಮುಟ್ಟಿಸುವ ಮಾದರಿಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದು ನಮ್ಮ ಕಡೆಯ ಬಳ್ಳಾರಿಯಲ್ಲಿ, 1996ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು. ನಮ್ಮ ಭಾಗದಲ್ಲಿ ಹುಟ್ಟಿದ್ದನ್ನು ನಮ್ಮವರೇ ಹೆಚ್ಚು ಬಳಸುವುದಿಲ್ಲ, ಅದು ನನಗೆ ಸದಾ ಚುಚ್ಚುವ ಸಂಗತಿ.

ಹೋಗುವಾಗ ಹೆಂಡತಿ ಜೊತೆಗಿರಲಿ. ಅವರಿಗೆ ಹೇಳುವುದು ಒಂದೇ: ‘ಧೈರ್ಯ ತಗೋರಿ’ ಎನ್ನಬೇಡಿ, ಅದು ಕಾಲು ಮುರಿದವನಿಗೆ ಓಡು ಅಂದ ಹಾಗಾಗುತ್ತದೆ. ‘ಚಹಾ ಮಾಡೀನಿ, ಹೊರಗ ಬರ್ರಿ, ಕೂಡೇ ಕುಡಿಯೋಣ’ ಎನ್ನಿ. ಮುಂಜಾನೆ ಐದೂವರೆಗೆ, ಶಟರ್ ಮುಂದಿನ ಅದೇ ಕಟ್ಟೆ ಮೇಲೆ. ಎಂಡೋಸ್ಕೋಪಿ, ಸ್ಕ್ಯಾನಿನ ಆ ದಪ್ಪ ಫೈಲು ಮನೆಯಲ್ಲೇ ಇರಲಿ. ಎಲ್ಲ ಗುಳಿಗೆಯ ಪಟ್ಟಿ, ಬಿ12 ಮತ್ತು ಥೈರಾಯ್ಡ್ ರಿಪೋರ್ಟು, ಉದ್ರಿ ಪುಸ್ತಕ, ಇಷ್ಟು ತಗೊಂಡು ಹೋಗಿ.